ನಕಲಿ ವೈರಸ್ ನಿರೋಧಕ ತಂತ್ರಾಂಶಗಳು: ಸ್ವರೂಪ ಮತ್ತು ವ್ಯವಹಾರ

ಗಣಕಯಂತ್ರಗಳಿಗೆ ಹಾನಿಯುಂಟುಮಾಡುವ ಕುತಂತ್ರಾಂಶಗಳ ಸಾಮಾನ್ಯ ಲಕ್ಷಣವೆಂದರೆ ಅಡಗಿರುವುದು. ಬಳಕೆದಾರರ ಕಣ್ಣಿಗೆ ಬೀಳದೆ, ಅವರ ಕಡತಗಳ ನಡುವೆ ಸೇರಿಕೊಂಡು, ತಮ್ಮ ಕಾರ್ಯವನ್ನು ಸದ್ದಿಲ್ಲದೆ ಸಾಧಿಸಿಕೊಳ್ಳುವುದು ಅವುಗಳ ಕ್ರಮ. ಈ ಕ್ರಮಕ್ಕೆ ತೀರ ವಿರುದ್ಧವಾದ ಒಂದು ವರ್ಗವು 2000ದ ದಶಕದ ಮಧ್ಯಭಾಗದಿಂದ ವ್ಯಾಪಕವಾಗಿ ಹರಡಿತು. ಅದು ಅಡಗಲಿಲ್ಲ, ಪರದೆಯ ನಟ್ಟನಡುವೆ ಬಂದು ನಿಂತು, ಕೆಂಪು ಅಕ್ಷರಗಳಲ್ಲಿ ತನ್ನ ಇರವನ್ನು ತಾನೇ ಸಾರಿತು. ‘ನಿಮ್ಮ ಯಂತ್ರಕ್ಕೆ ವೈರಸ್ ತಗಲಿದೆ, ನಿವಾರಣೆಗಾಗಿ ನಮ್ಮ ತಂತ್ರಾಂಶವನ್ನು ಕೊಳ್ಳಿರಿ’ ಎಂಬುದು ಅದರ ಘೋಷಣೆಯ ಸಾರ. ವೈರಸ್ ಇದೆ ಎಂಬ ಮಾತು ಸುಳ್ಳಾಗಿತ್ತು; ಆದರೆ ಆ ಮಾತನ್ನು ನಂಬಿ ಔಷಧವೆಂದು ತಂದುಕೊಂಡ ವಸ್ತುವೇ ರೋಗವಾಗಿತ್ತು. ವಿನ್‌ಫಿಕ್ಸರ್, ಸ್ಪೈಶೆರಿಫ್, ವಿನ್‌ಆಂಟಿವೈರಸ್, ಎಕ್ಸ್‌ಪಿ ಆಂಟಿವೈರಸ್, ಡ್ರೈವ್‌ಕ್ಲೀನರ್ ಮೊದಲಾದ ಹೆಸರುಗಳಲ್ಲಿ ಪ್ರಪಂಚದಾದ್ಯಂತ ಹಬ್ಬಿದ ಈ ನಕಲಿ ವೈರಸ್ ನಿರೋಧಕ ತಂತ್ರಾಂಶಗಳ ಸ್ವರೂಪವನ್ನೂ, ಅವುಗಳ ಹಿಂದಿದ್ದ ವ್ಯವಹಾರವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದನ್ನು ಕೇವಲ ತಾಂತ್ರಿಕ ಸಮಸ್ಯೆಯೆಂದು ಪರಿಗಣಿಸಿದವರು ಅದರ ಮರ್ಮವನ್ನು ತಿಳಿಯಲಾರರು ಎಂಬುದು ಈ ಲೇಖಕನ ಅಭಿಪ್ರಾಯ. ಇದು ಮೊದಲಿನಿಂದಲೂ ಒಂದು ವ್ಯಾಪಾರವಾಗಿತ್ತು. ಅದನ್ನು ಕುಗ್ಗಿಸಿದ್ದೂ ಬಹುಮಟ್ಟಿಗೆ ಹಣ ಹರಿಯುವ ದಾರಿಯಲ್ಲಿ ಉಂಟಾದ ತಡೆಯೇ.

ಈ ವಂಚನೆಯ ಕ್ರಮವನ್ನು ಮೊದಲು ನೋಡಬಹುದು. ಬಳಕೆದಾರರು ಯಾವುದೋ ಜಾಲತಾಣವನ್ನು ಓದುತ್ತಿರುವಾಗ ಹಠಾತ್ತನೆ ಇನ್ನೊಂದು ಪುಟ ತೆರೆದುಕೊಳ್ಳುತ್ತದೆ. ಅದು ನೋಡುವುದಕ್ಕೆ ಜಾಲಪುಟದಂತಿರದೆ ವಿಂಡೋಸ್ ಎಕ್ಸ್‌ಪಿಯ ‘ಮೈ ಕಂಪ್ಯೂಟರ್’ ಕಿಟಕಿಯಂತೆಯೇ ಇರುತ್ತದೆ. ಸಿ ಡ್ರೈವ್, ಡಿ ಡ್ರೈವ್‌ಗಳ ಚಿತ್ರಗಳಿರುತ್ತವೆ. ಕೆಳಗೆ ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ಸರಿಯುತ್ತ ತಪಾಸಣೆ ನಡೆಯುತ್ತಿದೆಯೆಂದು ತೋರಿಸುತ್ತದೆ. ಅದು ಮುಗಿಯುವಷ್ಟರಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು ವೈರಸ್‌ಗಳ ಪಟ್ಟಿ ಸಿದ್ಧವಾಗಿರುತ್ತದೆ. ವಾಸ್ತವವಾಗಿ ಜಾಲಪುಟವೊಂದು ತನ್ನಷ್ಟಕ್ಕೆ ತಾನೇ ಓದುಗರ ಹಾರ್ಡ್ ಡಿಸ್ಕಿನ ಕಡತಗಳನ್ನು ತೆರೆದು ಪರೀಕ್ಷಿಸಲು ಬ್ರೌಸರ್ ಅವಕಾಶ ಕೊಡುವುದಿಲ್ಲ. ಅಲ್ಲಿ ಕಂಡದ್ದು ಮೊದಲೇ ಬರೆದಿಟ್ಟ ಚಲಿಸುವ ಚಿತ್ರ ಮಾತ್ರ. ಮ್ಯಾಕಿಂಟಾಷ್ ಯಂತ್ರವನ್ನು ಬಳಸುತ್ತಿದ್ದವರಿಗೂ ಅದೇ ವಿಂಡೋಸ್ ಕಿಟಕಿ, ಅದೇ ಸಿ ಡ್ರೈವ್ ಕಾಣಿಸುತ್ತಿತ್ತು. ಇಲ್ಲದ ಡ್ರೈವಿನಲ್ಲಿ ಇಲ್ಲದ ವೈರಸ್ ಸಿಕ್ಕಿದ ಈ ವಿನೋದವನ್ನು ಗುರುತಿಸಿದವರು ಪಾರಾದರು. ಉಳಿದವರು ‘ತೆಗೆದುಹಾಕು’ ಎಂಬ ಗುಂಡಿಯನ್ನು ಒತ್ತಿದರು. ಒತ್ತಿದಾಗ ಡೌನ್‌ಲೋಡ್ ಆಗುತ್ತಿದ್ದುದು ನಿಜವಾದ ಕುತಂತ್ರಾಂಶ.

ಒಮ್ಮೆ ಯಂತ್ರದೊಳಗೆ ಸ್ಥಾಪಿತವಾದ ಮೇಲೆ ಅದರ ವರ್ತನೆ ಬದಲಾಗುತ್ತಿತ್ತು. ಕೆಲವು ನಿಮಿಷಗಳಿಗೊಮ್ಮೆ ಎಚ್ಚರಿಕೆಯ ಫಲಕ ಮೇಲೇಳುವುದು, ಪರದೆಯ ಹಿನ್ನೆಲೆಯ ಚಿತ್ರ ತಾನಾಗಿಯೇ ಬದಲಾಗುವುದು, ಟಾಸ್ಕ್ ಮ್ಯಾನೇಜರ್ ತೆರೆಯದಿರುವುದು, ಅಸಲಿ ವೈರಸ್ ನಿರೋಧಕಗಳ ಜಾಲತಾಣಗಳಿಗೆ ಪ್ರವೇಶ ತಪ್ಪುವುದು ಇತ್ಯಾದಿ ಲಕ್ಷಣಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತಿದ್ದವು. ಮೊದಲು ಸುಳ್ಳಾಗಿದ್ದ ರೋಗ ಈಗ ನಿಜವಾಯಿತು. ಪರಿಹಾರ ಬೇಕಾದರೆ ಸುಮಾರು 30ರಿಂದ 70 ಡಾಲರ್ ತೆತ್ತು ‘ನೋಂದಾಯಿತ ಆವೃತ್ತಿ’ಯನ್ನು ಪಡೆಯಬೇಕು. ಹಣ ತೆತ್ತವರಿಗೆ ಸಾಮಾನ್ಯವಾಗಿ ದೊರೆಯುತ್ತಿದ್ದುದು ಎಚ್ಚರಿಕೆಗಳು ನಿಂತವೆಂಬ ನೆಮ್ಮದಿ. ಇಂತಹ ವಂಚನೆಯ ಕುರಿತು ಗೂಗಲ್ ಸಂಸ್ಥೆಯ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ ವೈದ್ಯಶಾಸ್ತ್ರದ ‘ನೊಸೀಬೊ’ ಎಂಬ ಪದವನ್ನು ಶೀರ್ಷಿಕೆಯಲ್ಲಿ ಬಳಸಿಕೊಂಡರು. ಹಾನಿಯಾಗುವುದೆಂಬ ನಂಬಿಕೆಯೇ ಹಾನಿಯನ್ನು ಉಂಟುಮಾಡುವುದು ಆ ಪದದ ಅರ್ಥ. 13 ತಿಂಗಳ ಅವಧಿಯಲ್ಲಿ 24 ಕೋಟಿ ಜಾಲಪುಟಗಳನ್ನು ಪರಿಶೀಲಿಸಿದ ಆ ಸಂಶೋಧಕರು, ನಕಲಿ ವೈರಸ್ ನಿರೋಧಕಗಳನ್ನು ಹರಡುತ್ತಿದ್ದ 11,000ಕ್ಕೂ ಹೆಚ್ಚು ಜಾಲವಿಳಾಸಗಳನ್ನು ಗುರುತಿಸಿದರು.

ಬೇಲಿಯೇ ಎದ್ದು ಹೊಲವನ್ನು ಮೇಯ್ದಿತು ಎಂಬ ಗಾದೆ ಇಲ್ಲಿ ತಕ್ಷಣ ನೆನಪಿಗೆ ಬರುವುದು ಸಹಜ. ಆದರೆ ಅದು ಪೂರ್ಣವಾಗಿ ಹೊಂದುವುದಿಲ್ಲ. ಇಲ್ಲಿ ಮೇಯಲು ಬಂದ ದನವೇ ಬೇಲಿಯ ವೇಷ ತೊಟ್ಟಿತ್ತು. ಆ ವೇಷವನ್ನು ಜನ ಏಕೆ ನಂಬಿದರು ಎಂಬ ಪ್ರಶ್ನೆಗೆ ಜನರ ಅಜ್ಞಾನವೊಂದನ್ನೇ ಕಾರಣವಾಗಿ ಹೇಳುವುದು ಅನ್ಯಾಯ. 2004ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ಎಕ್ಸ್‌ಪಿಯ ಎರಡನೆಯ ಪರಿಷ್ಕರಣೆಯನ್ನು ಹೊರತಂದಿತು. ಅದರೊಂದಿಗೆ ‘ಸೆಕ್ಯುರಿಟಿ ಸೆಂಟರ್’ ಎಂಬ ಹೊಸ ವ್ಯವಸ್ಥೆಯೂ ಬಂದಿತು. ಯಂತ್ರದಲ್ಲಿ ವೈರಸ್ ನಿರೋಧಕ ಇಲ್ಲದಿದ್ದರೆ ಪರದೆಯ ಬಲತುದಿಯಲ್ಲಿ ಕೆಂಪು ಗುರಾಣಿಯ ಚಿಹ್ನೆ ಮೂಡಿ, ಅಪಾಯವಿರಬಹುದೆಂದು ತಿಳಿಸಿ, ಇದನ್ನು ಸರಿಪಡಿಸಲು ಇಲ್ಲಿ ಒತ್ತಿರಿ ಎನ್ನುತ್ತಿತ್ತು. ಹೊಸ ಯಂತ್ರಗಳೊಂದಿಗೆ ಉಚಿತವಾಗಿ ಬರುತ್ತಿದ್ದ ಅಸಲಿ ವೈರಸ್ ನಿರೋಧಕಗಳೂ ಪ್ರಾಯೋಗಿಕ ಅವಧಿ ಮುಗಿದೊಡನೆ, ನಿಮಗೆ ರಕ್ಷಣೆಯಿಲ್ಲ, ಹಣ ಪಾವತಿಸಿ ನವೀಕರಿಸಿಕೊಳ್ಳಿ ಎಂದು ದಿನವೂ ನೆನಪಿಸುತ್ತಿದ್ದವು. ಕೆಂಪು ಗುರಾಣಿಗೆ ಹೆದರಬೇಕು, ಹೆದರಿದ ಕೂಡಲೇ ಗುಂಡಿ ಒತ್ತಬೇಕು, ಒತ್ತಿದ ಮೇಲೆ ಹಣ ಕೊಡಬೇಕು ಎಂಬ ಪಾಠವನ್ನು ಅಸಲಿ ಸಂಸ್ಥೆಗಳೇ ಕಲಿಸಿಟ್ಟಿದ್ದವು. ನಕಲಿಗಳು ಹೊಸತಾಗಿ ಏನನ್ನೂ ಕಲಿಸಬೇಕಾಗಿರಲಿಲ್ಲ. ಅದೇ ಗುರಾಣಿಯನ್ನು, ಅದೇ ಬಣ್ಣವನ್ನು, ಅದೇ ಮಾತನ್ನು ನಕಲು ಮಾಡಿದರೆ ಸಾಕಾಗಿತ್ತು.

ಈ ವ್ಯಾಪಾರದ ಅತಿ ದೊಡ್ಡ ಉದಾಹರಣೆಯೆಂದರೆ ಇನ್ನೊವೇಟಿವ್ ಮಾರ್ಕೆಟಿಂಗ್ ಎಂಬ ಸಂಸ್ಥೆ. ಮಧ್ಯ ಅಮೆರಿಕದ ಬೆಲೀಜ್ ದೇಶದಲ್ಲಿ ನೋಂದಣಿ, ಉಕ್ರೇನಿನ ಕೀವ್ ನಗರದಲ್ಲಿ ಕಚೇರಿ, ಅಮೆರಿಕದ ಓಹಾಯೊ ರಾಜ್ಯದಲ್ಲಿ ಗ್ರಾಹಕರ ದೂರುಗಳಿಗೆ ಉತ್ತರಿಸುವ ಕೇಂದ್ರ, ಹೀಗೆ ಮೂರು ಕಡೆ ಕಾಲೂರಿ ನಿಂತಿದ್ದ ಸಂಸ್ಥೆಯಿದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2008ರ ಡಿಸೆಂಬರಿನಲ್ಲಿ ಮೇರಿಲ್ಯಾಂಡಿನ ನ್ಯಾಯಾಲಯದಲ್ಲಿ ಇದರ ಮೇಲೆ ದಾವೆ ಹೂಡಿತು. ಹತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರು ಮೋಸಹೋಗಿರುವರೆಂದು ದಾವೆಯಲ್ಲಿ ಹೇಳಲಾಗಿತ್ತು. 2010ರ ಮೇ ತಿಂಗಳಿನಲ್ಲಿ ಷಿಕಾಗೋದಲ್ಲಿ ಸಲ್ಲಿಸಲಾದ ದೋಷಾರೋಪಣೆಯು 60ಕ್ಕೂ ಹೆಚ್ಚು ದೇಶಗಳ ಜನರಿಂದ 10 ಕೋಟಿ ಡಾಲರಿಗೂ ಮಿಕ್ಕ ಹಣ ಸಂದಿತೆಂದು ತಿಳಿಸಿತು. ಸಂಸ್ಥೆಯ ಅಧಿಕಾರಿಯೊಬ್ಬರ ವಿರುದ್ಧ 2012ರಲ್ಲಿ 16 ಕೋಟಿ 30 ಲಕ್ಷ ಡಾಲರ್‌ಗಳ ತೀರ್ಪು ಹೊರಬಿದ್ದಿತು. 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಈ ಪ್ರಕರಣದ ದಾಖಲೆಗಳಲ್ಲಿ ಎರಡು ಸಂಗತಿಗಳು ವಿಶೇಷವಾಗಿ ಗಮನಾರ್ಹವಾಗಿವೆ. ಮೊದಲನೆಯದು ಜಾಹೀರಾತಿಗೆ ಸಂಬಂಧಿಸಿದ್ದು. ಪ್ರತಿಷ್ಠಿತ ಜಾಲತಾಣಗಳಲ್ಲಿ ಸ್ಥಳ ದೊರಕಿಸಿಕೊಳ್ಳಲು ಈ ಸಂಸ್ಥೆಯವರು ಜಾಹೀರಾತು ಪ್ರತಿನಿಧಿಗಳ ಸೋಗು ಹಾಕಿ, ಗೌರವಾನ್ವಿತ ಕಂಪನಿಗಳ ಪರವಾಗಿ ಬಂದಿರುವೆವೆಂದು ಹೇಳಿಕೊಂಡರು. ಜಾಹೀರಾತಿನೊಳಗೆ ಹುದುಗಿಸಿದ್ದ ಸಂಕೇತವು, ನೋಡುತ್ತಿರುವವರು ಎಲ್ಲಿಂದ ನೋಡುತ್ತಿದ್ದಾರೆಂಬುದನ್ನು ಮೊದಲು ಗುರುತಿಸುತ್ತಿತ್ತು. ಜಾಲತಾಣದ ಒಡೆಯರೋ ಜಾಹೀರಾತು ಸಂಸ್ಥೆಯವರೋ ಪರೀಕ್ಷಿಸಿದಾಗ ಅವರಿಗೆ ಸಭ್ಯವಾದ ಜಾಹೀರಾತು ಕಾಣುತ್ತಿತ್ತು. ಸಾಮಾನ್ಯ ಓದುಗರಿಗೆ ಅದೇ ಜಾಗದಲ್ಲಿ ಸುಳ್ಳು ತಪಾಸಣೆ ತೆರೆಯುತ್ತಿತ್ತು. ಎರಡನೆಯದು ದೂರುಗಳಿಗೆ ಸಂಬಂಧಿಸಿದ್ದು. ಕರೆ ಮಾಡಿದ ಗ್ರಾಹಕರಿಗೆ ಸುಳ್ಳು ಹೇಳಿ ಸಮಾಧಾನಪಡಿಸಬೇಕು, ಇಲ್ಲವೇ ಅವರು ಪೊಲೀಸರಿಗೋ ಬ್ಯಾಂಕಿಗೋ ದೂರು ಕೊಡದಂತೆ ಹಣವನ್ನು ಹಿಂದಿರುಗಿಸಬೇಕು ಎಂದು ಅಲ್ಲಿನ ನೌಕರರಿಗೆ ಸೂಚನೆಯಿತ್ತೆಂದು ದೋಷಾರೋಪಣೆ ಹೇಳುತ್ತದೆ. ಕಳ್ಳನು ಕದ್ದ ಹಣವನ್ನು ಕೇಳಿದ ಕೂಡಲೇ ಹಿಂದಿರುಗಿಸುವುದು ವಿಚಿತ್ರವೆನಿಸಬಹುದು. ಅದರ ಕಾರಣವನ್ನು ಮುಂದೆ ನೋಡಲಾಗುವುದು.

ಜಾಹೀರಾತಿನ ಈ ತಂತ್ರಕ್ಕೆ ಸಿಕ್ಕಿಬಿದ್ದವರಲ್ಲಿ ದೊಡ್ಡ ಪತ್ರಿಕೆಗಳೂ ಸೇರಿದ್ದವು. 2009ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜಾಲತಾಣದಲ್ಲಿ ದೂರವಾಣಿ ಸೇವೆಯ ಸಂಸ್ಥೆಯೊಂದರ ಹೆಸರಿನಲ್ಲಿ ಸೇರಿಕೊಂಡ ಜಾಹೀರಾತು, ಓದುಗರನ್ನು ನಕಲಿ ತಪಾಸಣೆಯ ಪುಟಕ್ಕೆ ಒಯ್ದಿತು. 2010ರ ಫೆಬ್ರವರಿಯಲ್ಲಿ ಮಿನಿಯಾಪೊಲಿಸ್ ನಗರದ ಸ್ಟಾರ್ ಟ್ರಿಬ್ಯೂನ್ ಪತ್ರಿಕೆಗೆ ಹೋಟೆಲ್ ಸಮೂಹವೊಂದರ ಪ್ರತಿನಿಧಿಗಳೆಂದು ಹೇಳಿಕೊಂಡು ಬಂದವರು ಜಾಹೀರಾತು ನೀಡಿದರು. ಪತ್ರಿಕೆಯ ಸಿಬ್ಬಂದಿ ಪರೀಕ್ಷಿಸಿದಾಗ ಯಾವ ದೋಷವೂ ಕಾಣಲಿಲ್ಲ. ಪ್ರಕಟಣೆ ಆರಂಭವಾದ ಮೇಲೆ ಅದರ ಸಂಕೇತವನ್ನು ಬದಲಿಸಲಾಯಿತು. ಈ ಪ್ರಕರಣದಲ್ಲಿ ಲಾಟ್ವಿಯಾ ದೇಶದ ಇಬ್ಬರ ಮೇಲೆ ದೋಷಾರೋಪಣೆಯಾಗಿ, ಅವರಲ್ಲೊಬ್ಬನು 2016ರಲ್ಲಿ ಪೋಲೆಂಡಿನಲ್ಲಿ ಸೆರೆಸಿಕ್ಕು, 2018ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡನು. ‘ಅಪರಿಚಿತ ಜಾಲತಾಣಗಳಿಗೆ ಹೋಗಬೇಡಿ’ ಎಂಬ ಅಂದಿನ ಸಾಮಾನ್ಯ ಉಪದೇಶ ಎಷ್ಟು ಅಪೂರ್ಣವಾಗಿತ್ತೆಂಬುದು ಈ ಎರಡು ಘಟನೆಗಳಿಂದ ವ್ಯಕ್ತವಾಗುತ್ತದೆ. ಹರಡುವಿಕೆಗೆ ಬೇರೆ ಮಾರ್ಗಗಳೂ ಇದ್ದವು. ಕಾನ್ಫಿಕರ್ ಎಂಬ ಪ್ರಸಿದ್ಧ ಹುಳುವಿನ ಒಂದು ಪ್ರಭೇದ 2009ರ ಏಪ್ರಿಲಿನಲ್ಲಿ ತಾನು ಹೊಕ್ಕ ಯಂತ್ರಗಳಿಗೆ ಸ್ಪೈಪ್ರೊಟೆಕ್ಟ್ 2009 ಎಂಬ ನಕಲಿ ನಿರೋಧಕವನ್ನು ಇಳಿಸಿತು. 2011ರ ಮೇ ತಿಂಗಳಿನಲ್ಲಿ ಮ್ಯಾಕ್‌ಡಿಫೆಂಡರ್ ಎಂಬುದು ಮ್ಯಾಕಿಂಟಾಷ್ ಬಳಕೆದಾರರನ್ನೂ ತಲುಪಿತು.

ವ್ಯಾಪಾರದ ಒಳಲೆಕ್ಕ ಹೊರಗಿನವರಿಗೆ ದೊರೆಯುವುದು ಅಪರೂಪ. ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಈ ದೃಷ್ಟಿಯಿಂದ ಬಹಳ ಬೆಲೆಯುಳ್ಳದ್ದು. ನಕಲಿ ನಿರೋಧಕಗಳನ್ನು ಮಾರುತ್ತಿದ್ದ ಮೂರು ಗುಂಪುಗಳ ಸರ್ವರ್‌ಗಳಲ್ಲಿದ್ದ ಲೆಕ್ಕಪತ್ರಗಳನ್ನೇ ಅವರು ಪರಿಶೀಲಿಸಿದರು. ಮೊದಲನೆಯ ಗುಂಪಿನ ತಂತ್ರಾಂಶ ಮೂರು ತಿಂಗಳಲ್ಲಿ ಸುಮಾರು 84 ಲಕ್ಷ ಯಂತ್ರಗಳಲ್ಲಿ ಸ್ಥಾಪಿತವಾಗಿ, 1,89,342 ಮಾರಾಟಗಳಾಗಿದ್ದವು. ನೂರು ಜನರಲ್ಲಿ ಇಬ್ಬರಿಗಿಂತ ತುಸು ಹೆಚ್ಚಿನವರು ಹಣ ಕೊಟ್ಟಂತಾಯಿತು. ಅಷ್ಟರಿಂದಲೇ ಆ ಗುಂಪಿಗೆ ಬಂದದ್ದು ಸುಮಾರು 1 ಕೋಟಿ 10 ಲಕ್ಷ ಡಾಲರ್. ಮೂರೂ ಗುಂಪುಗಳು ಸೇರಿ ಗಳಿಸಿದ ಮೊತ್ತ 13 ಕೋಟಿ ಡಾಲರಿಗೂ ಅಧಿಕ. ತಂತ್ರಾಂಶವನ್ನು ಹರಡುವ ಕೆಲಸವನ್ನು ಈ ಗುಂಪುಗಳು ಸ್ವತಃ ಮಾಡುತ್ತಿರಲಿಲ್ಲ. ನಮ್ಮ ಸಂತೆ ವ್ಯಾಪಾರದ ದಲ್ಲಾಳಿಗಳಂತೆ ಮಧ್ಯವರ್ತಿಗಳಿದ್ದರು. ಪ್ರತಿಯೊಂದು ಮಾರಾಟದಲ್ಲೂ ಅವರಿಗೆ ಪಾಲು ಸಲ್ಲುತ್ತಿತ್ತು. ಹೀಗಾಗಿ ಒಬ್ಬಿಬ್ಬರನ್ನು ಹಿಡಿದರೂ ಹರಡುವಿಕೆ ನಿಲ್ಲುತ್ತಿರಲಿಲ್ಲ.

ಹಣ ಹಿಂದಿರುಗಿಸುವ ರಹಸ್ಯವೂ ಈ ಲೆಕ್ಕಪತ್ರಗಳಲ್ಲಿಯೇ ಇದೆ. ಕ್ರೆಡಿಟ್ ಕಾರ್ಡಿನ ಮೂಲಕ ಹಣ ತೆತ್ತವರು ತಾವು ಮೋಸಹೋದೆವೆಂದು ತಮ್ಮ ಬ್ಯಾಂಕಿಗೆ ದೂರಿತ್ತರೆ ಬ್ಯಾಂಕು ಆ ಹಣವನ್ನು ವ್ಯಾಪಾರಿಯಿಂದ ಹಿಂಪಡೆಯುತ್ತದೆ. ಇದಕ್ಕೆ ಚಾರ್ಜ್‌ಬ್ಯಾಕ್ ಎಂದು ಹೆಸರು. ಇಂತಹ ದೂರುಗಳು ಒಂದು ಮಿತಿಯನ್ನು ಮೀರಿದರೆ ಕಾರ್ಡ್ ಸಂಸ್ಥೆಗಳು ಆ ವ್ಯಾಪಾರಿಯ ಖಾತೆಯನ್ನೇ ರದ್ದುಗೊಳಿಸುತ್ತವೆ. ಆದ್ದರಿಂದ ವಂಚಕರು ದೂರುಗಳ ಪ್ರಮಾಣವನ್ನು ದಿನದಿನವೂ ಗಮನಿಸುತ್ತ, ಅದು ಮಿತಿಯ ಸಮೀಪಕ್ಕೆ ಬಂದಾಗ ಕೇಳಿದವರಿಗೆ ಧಾರಾಳವಾಗಿ ಹಣ ಮರಳಿಸುತ್ತ, ಇಳಿದಾಗ ಕೈ ಬಿಗಿಹಿಡಿಯುತ್ತ ಬಂದರು. ಯಾವ ವ್ಯಾಪಾರಿಯೂ ಮೆಚ್ಚುವಷ್ಟು ಜಾಗರೂಕತೆಯಿಂದ ನಡೆದ ಈ ವ್ಯವಹಾರದ ದುರ್ಬಲ ಸ್ಥಾನ ಯಾವುದೆಂಬುದನ್ನು ಅದೇ ಜಾಗರೂಕತೆ ತೋರಿಸಿಕೊಟ್ಟಿತು. ಜಾಲವಿಳಾಸಗಳನ್ನು ಗಂಟೆಗೊಮ್ಮೆ ಬದಲಿಸಬಹುದಾಗಿತ್ತು. ತಂತ್ರಾಂಶದ ಹೆಸರನ್ನು ವಾರಕ್ಕೊಮ್ಮೆ ಬದಲಿಸಬಹುದಾಗಿತ್ತು. ಆದರೆ ಇಂತಹ ಹಣವನ್ನು ಸ್ವೀಕರಿಸಲು ಒಪ್ಪುವ ಪಾವತಿ ಸಂಸ್ಥೆಗಳು ಬೆರಳೆಣಿಕೆಯಷ್ಟಿದ್ದವು.

2011ರ ಜೂನ್ ತಿಂಗಳಿನಲ್ಲಿ ಎರಡು ಘಟನೆಗಳು ಜರುಗಿದವು. ಸುಮಾರು 9 ಲಕ್ಷ 60 ಸಾವಿರ ಜನರಿಂದ 7 ಕೋಟಿ 20 ಲಕ್ಷ ಡಾಲರ್ ಸೆಳೆದಿತ್ತೆನ್ನಲಾದ ಇನ್ನೊಂದು ಗುಂಪಿನ ಸರ್ವರ್‌ಗಳನ್ನು ಅಮೆರಿಕ ಮತ್ತು ಹಲವು ಐರೋಪ್ಯ ದೇಶಗಳ ಪೊಲೀಸರು ವಶಪಡಿಸಿಕೊಂಡರು. ಅದೇ ತಿಂಗಳು ಮಾಸ್ಕೋದ ಕ್ರೋನೋಪೇ ಎಂಬ ಪಾವತಿ ಸಂಸ್ಥೆಯ ಸಹಸ್ಥಾಪಕನು ಬೇರೆಯದೇ ಒಂದು ಪ್ರಕರಣದಲ್ಲಿ ರಷ್ಯಾದಲ್ಲಿ ಬಂಧಿತನಾದನು. ಆ ಬೇಸಗೆಯ ನಂತರ ನಕಲಿ ನಿರೋಧಕಗಳ ಹಾವಳಿ ಗಣನೀಯವಾಗಿ ಇಳಿಯಿತು. ಇದಕ್ಕೆ ಅಸಲಿ ನಿರೋಧಕಗಳ ಸುಧಾರಣೆಯೂ ಕಾರಣವೆಂದು ವಾದಿಸುವವರಿದ್ದಾರೆ. 2009ರಲ್ಲಿ ಮೈಕ್ರೋಸಾಫ್ಟ್ ಉಚಿತ ನಿರೋಧಕವನ್ನು ಕೊಟ್ಟಿದ್ದೂ, 2012ರ ವಿಂಡೋಸ್ 8ರಲ್ಲಿ ಅದನ್ನು ಕಾರ್ಯಾಚರಣಾ ವ್ಯವಸ್ಥೆಯೊಳಗೇ ಸೇರಿಸಿದ್ದೂ ನಿಜ. ಆದರೆ ಇಳಿಕೆ ಕಂಡದ್ದು ಕೆಲವೇ ವಾರಗಳಲ್ಲಿ; ಅಷ್ಟು ಬೇಗ ಲಕ್ಷಾಂತರ ಯಂತ್ರಗಳ ತಂತ್ರಾಂಶ ಬದಲಾಗುವುದಿಲ್ಲ. ಹಣದ ದಾರಿ ಮುಚ್ಚಿತೆಂಬ ವಿವರಣೆಯೇ ಹೆಚ್ಚು ಸಮಂಜಸವಾಗಿ ತೋರುತ್ತದೆ.

ರೋಗವನ್ನು ಹೇಳುವವನೂ ಔಷಧವನ್ನು ಮಾರುವವನೂ ಒಬ್ಬನೇ ಆಗಿರುವ ಈ ವ್ಯವಸ್ಥೆ ಅಲ್ಲಿಗೆ ಕೊನೆಗೊಳ್ಳಲಿಲ್ಲ. ಅಮೆರಿಕದ ಆಫೀಸ್ ಡಿಪೋ ಎಂಬ ಪ್ರಖ್ಯಾತ ಮಳಿಗೆ ಸಮೂಹದ ಪ್ರಕರಣ ಇದಕ್ಕೆ ಉತ್ತಮ ನಿದರ್ಶನ. ಅಲ್ಲಿ ಗ್ರಾಹಕರ ಗಣಕಗಳನ್ನು ಉಚಿತವಾಗಿ ಪರೀಕ್ಷಿಸುವ ತಂತ್ರಾಂಶವೊಂದಿತ್ತು. ಯಂತ್ರ ನಿಧಾನವಾಗಿದೆಯೇ, ವೈರಸ್ ಎಚ್ಚರಿಕೆ ಬಂದಿತ್ತೇ, ಆಗಾಗ ಸ್ಥಗಿತಗೊಳ್ಳುತ್ತದೆಯೇ, ಬೇಡದ ಜಾಹೀರಾತುಗಳು ಏಳುತ್ತವೆಯೇ ಎಂಬ ನಾಲ್ಕು ಪ್ರಶ್ನೆಗಳು ಆರಂಭದಲ್ಲಿರುತ್ತಿದ್ದವು. ಇವುಗಳಲ್ಲಿ ಯಾವುದಾದರೂ ಒಂದಕ್ಕೆ ಗುರುತು ಹಾಕಿದರೆ ಸಾಕು, ತಪಾಸಣೆಯಲ್ಲಿ ಏನೇ ಕಂಡರೂ ಕಾಣದಿದ್ದರೂ, ಕುತಂತ್ರಾಂಶದ ಲಕ್ಷಣಗಳಿವೆ ಎಂಬ ಫಲಿತಾಂಶ ಬರುತ್ತಿತ್ತು. 2019ರ ಮಾರ್ಚ್‌ನಲ್ಲಿ ಆಫೀಸ್ ಡಿಪೋ 2 ಕೋಟಿ 50 ಲಕ್ಷ, ತಂತ್ರಾಂಶವನ್ನು ಒದಗಿಸಿದ ಸಂಸ್ಥೆ 1 ಕೋಟಿ ಡಾಲರ್ ತೆರಲು ಒಪ್ಪಿಕೊಂಡವು. 2024ರಲ್ಲಿ ಸೈಪ್ರಸ್ ದೇಶದ ರೆಸ್ಟೋರೊ ಮತ್ತು ರಿಇಮೇಜ್ ಎಂಬ ಸಂಸ್ಥೆಗಳೂ ಸುಳ್ಳು ಎಚ್ಚರಿಕೆಗಳ ಆರೋಪಕ್ಕಾಗಿ 2 ಕೋಟಿ 60 ಲಕ್ಷ ಡಾಲರ್ ತೆರಬೇಕಾಯಿತು. ಪರದೆಯ ಮೇಲಿನ ಫಲಕದ ಬದಲು ದೂರವಾಣಿ ಸಂಖ್ಯೆಯನ್ನು ತೋರಿಸಿ, ಕರೆ ಮಾಡಿದವರನ್ನು ಮಾತಿನಿಂದ ಹೆದರಿಸುವ ಪದ್ಧತಿಯಲ್ಲಿ ಭಾರತದ ಹೆಸರೂ ಸೇರಿದೆ. ಕೇಂದ್ರೀಯ ತನಿಖಾ ದಳವು 2023ರ ಅಕ್ಟೋಬರಿನಲ್ಲಿ ನಡೆಸಿದ ‘ಆಪರೇಷನ್ ಚಕ್ರ-2’ರ ಶೋಧಗಳಲ್ಲಿ, ಇಲ್ಲಿನ ಕರೆ ಕೇಂದ್ರಗಳಿಂದ ವಿದೇಶೀಯರನ್ನು ವಂಚಿಸಲಾಗುತ್ತಿದೆಯೆಂದು ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಸಂಸ್ಥೆಗಳು ನೀಡಿದ ದೂರುಗಳನ್ನು ಆಧರಿಸಿದ ಪ್ರಕರಣಗಳಿದ್ದವು.

ಕರ್ನಾಟಕದ ಮಟ್ಟಿಗೆ ಈ ಹಾವಳಿಯ ಸ್ವರೂಪ ಬೇರೆಯಾಗಿತ್ತೆಂಬುದನ್ನು ಇಲ್ಲಿ ಹೇಳಬೇಕು. ಕಾನೂನಿನ ವ್ಯವಸ್ಥೆ ಇರಲಿಲ್ಲವೆಂದಲ್ಲ. ಬೆಂಗಳೂರಿನಲ್ಲಿ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿಯೇ ಆರಂಭವಾಗಿತ್ತು. ಮಾಹಿತಿ ತಂತ್ರಜ್ಞಾನ ಅಧಿನಿಯಮದ 43ನೆಯ ಪ್ರಕರಣವು ಯಂತ್ರದೊಳಗೆ ವೈರಸ್ ಸೇರಿಸುವುದಕ್ಕೆ ಅನ್ವಯಿಸುತ್ತದೆ. 2009ರಲ್ಲಿ ಜಾರಿಗೆ ಬಂದ ತಿದ್ದುಪಡಿಯ 66-ಡಿ ಪ್ರಕರಣವು ಗಣಕದ ಮೂಲಕ ಸೋಗುಹಾಕಿ ವಂಚಿಸುವುದಕ್ಕೆ ಮೂರು ವರ್ಷಗಳವರೆಗಿನ ಸೆರೆವಾಸವನ್ನೂ ಒಂದು ಲಕ್ಷ ರೂಪಾಯಿಗಳವರೆಗಿನ ದಂಡವನ್ನೂ ವಿಧಿಸುತ್ತದೆ. ಆದರೆ ಜಿಲ್ಲಾ ಕೇಂದ್ರಗಳ ಕಾಲೇಜುಗಳಲ್ಲಿ, ಗ್ರಂಥಾಲಯಗಳಲ್ಲಿ, ಡಿ.ಟಿ.ಪಿ. ಅಂಗಡಿಗಳಲ್ಲಿ ಆ ಎಚ್ಚರಿಕೆಯನ್ನು ಕಂಡವರ ಪೈಕಿ ಡಾಲರ್ ಪಾವತಿಸಬಲ್ಲ ಕ್ರೆಡಿಟ್ ಕಾರ್ಡ್ ಇದ್ದವರು ವಿರಳ. ಈ ಲೇಖಕನು ಕಂಡ ನಕಲಿ ಎಚ್ಚರಿಕೆಗಳಲ್ಲಿ ಒಂದೂ ಕನ್ನಡದಲ್ಲಿರಲಿಲ್ಲ. ಇಂಗ್ಲಿಷಿನ ವಾಕ್ಯವನ್ನು ಪೂರ್ತಿ ಓದಲಾಗದವರು ಕೆಂಪು ಬಣ್ಣವನ್ನೂ ಸಂಖ್ಯೆಯನ್ನೂ ಮಾತ್ರ ಓದಿಕೊಂಡರು. ಹಣ ಕೊಡಲಾಗದವರು ರಿಪೇರಿಯವರನ್ನು ಕರೆಸಿದರು. ರಿಪೇರಿಯವರಿಗೆ ಗೊತ್ತಿದ್ದ ಏಕೈಕ ಚಿಕಿತ್ಸೆ ಫಾರ್ಮ್ಯಾಟ್.

ಈ ಲೇಖಕನು ಕೆಲಸ ಮಾಡುತ್ತಿದ್ದ ಅಧ್ಯಯನ ವಿಭಾಗವೊಂದರಲ್ಲಿ 2009ರ ಮಳೆಗಾಲದಲ್ಲಿ ಹೀಗೆಯೇ ಆಯಿತು. ಹಿರಿಯ ಸಹೋದ್ಯೋಗಿಯೊಬ್ಬರು ಮೂರು ವರ್ಷಗಳ ಕಾಲ ಹಳ್ಳಿಗಳಲ್ಲಿ ತಿರುಗಿ ಸಂಗ್ರಹಿಸಿದ ಬೀಸುವ ಪದಗಳನ್ನೂ ಸೋಬಾನೆಯ ಹಾಡುಗಳನ್ನೂ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಸಿ ಒಂದೇ ಯಂತ್ರದಲ್ಲಿ ಇರಿಸಿದ್ದರು. ಪರದೆಯ ಮೇಲೆ ಮುನ್ನೂರಕ್ಕೂ ಮಿಕ್ಕ ವೈರಸ್‌ಗಳ ಪಟ್ಟಿ ಕಂಡಿತು. ಬಂದ ಹುಡುಗನು, ‘ಸಾರ್, ಅದೇ ಹೇಳ್ತಿದೆಯಲ್ಲ ಇಷ್ಟು ಇದೆ ಅಂತ, ಎಲ್ಲ ತೆಗೆದುಬಿಡೋದೇ ವಾಸಿ’ ಎಂದನು. ಅವನ ಮಾತನ್ನು ಅಲ್ಲಿದ್ದ ನಾವಾರೂ ಅಲ್ಲಗಳೆಯಲಿಲ್ಲ. ಅಲ್ಲಗಳೆಯುವಷ್ಟು ತಿಳಿವಳಿಕೆ ನಮಗೂ ಇರಲಿಲ್ಲ. ಸಂಜೆಯ ವೇಳೆಗೆ ಹಾರ್ಡ್ ಡಿಸ್ಕ್ ಬರಿದಾಗಿತ್ತು. ಕರಡು ತಿದ್ದಲೆಂದು ಮುದ್ರಿಸಿಟ್ಟಿದ್ದ ಹಾಳೆಗಳಿಂದ ಸುಮಾರು ಅರ್ಧದಷ್ಟು ಹಾಡುಗಳು ಮರಳಿ ದೊರೆತವು. ಉಳಿದವುಗಳ ಧ್ವನಿಸುರುಳಿಗಳ ಮೇಲೆ ಆಗಲೇ ಬೇರೆ ಹಾಡುಗಳನ್ನು ಮುದ್ರಿಸಿಕೊಳ್ಳಲಾಗಿತ್ತು. ಆ ಹಾಡುಗಾರ್ತಿಯರಲ್ಲಿ ಇಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು.

ಆ ಯಂತ್ರದಲ್ಲಿದ್ದ ನಕಲಿ ನಿರೋಧಕವು ಕಡತಗಳನ್ನು ಅಳಿಸಿರಲಿಲ್ಲ. ಆ ಬಗೆಯ ಬಹುಪಾಲು ತಂತ್ರಾಂಶಗಳು ಬಳಕೆದಾರರ ದಾಖಲೆಗಳ ಗೊಡವೆಗೆ ಹೋಗುತ್ತಿರಲಿಲ್ಲ. ಅವುಗಳಿಗೆ ಬೇಕಾಗಿದ್ದುದು ಹಣ. ಯಂತ್ರವನ್ನು ಸೇಫ್ ಮೋಡ್‌ನಲ್ಲಿ ಆರಂಭಿಸಿ, ಇನ್ನೊಂದು ಯಂತ್ರದಿಂದ ತಂದ ಅಸಲಿ ನಿರೋಧಕವನ್ನು ಓಡಿಸಿದ್ದರೆ, ಇಲ್ಲವೇ ಹಾರ್ಡ್ ಡಿಸ್ಕನ್ನು ಕಳಚಿ ಬೇರೆ ಯಂತ್ರಕ್ಕೆ ಜೋಡಿಸಿ ಕಡತಗಳನ್ನು ಪ್ರತಿಮಾಡಿಕೊಂಡಿದ್ದರೆ ಎಲ್ಲ ಹಾಡುಗಳೂ ಉಳಿಯುತ್ತಿದ್ದವು. ಇನ್ನೊವೇಟಿವ್ ಮಾರ್ಕೆಟಿಂಗ್ ಪ್ರಕರಣದಲ್ಲಿ 2011ರಲ್ಲಿ ಇಬ್ಬರು ಪ್ರತಿವಾದಿಗಳು 82 ಲಕ್ಷ ಡಾಲರ್ ಹಿಂದಿರುಗಿಸಲು ಒಪ್ಪಿದರು. ಆ ಹಣದಿಂದ ಮೋಸಹೋದ ಗ್ರಾಹಕರಿಗೆ ಅಂಚೆಯ ಮೂಲಕ ಚೆಕ್ಕುಗಳು ಹೋದವು. ಆ ಪಟ್ಟಿ ತಯಾರಾದದ್ದು ಹಣ ತೆತ್ತವರ ದಾಖಲೆಗಳಿಂದ.

ವಿಭಾಗದಲ್ಲಿ ಮುಂದಿನ ವರ್ಷದಿಂದ ಪ್ರತಿ ಶನಿವಾರ ಎಲ್ಲ ಕಡತಗಳ ಎರಡು ಪ್ರತಿಗಳನ್ನು ಸಿ.ಡಿ.ಗಳಲ್ಲಿ ತೆಗೆದು, ಒಂದನ್ನು ಕಾಲೇಜಿನ ಗ್ರಂಥಾಲಯದ ಕಪಾಟಿನಲ್ಲಿ ಇಡುವ ಪದ್ಧತಿ ಬಂದಿತು. ಉಳಿದ ಅರ್ಧದ ಹಾಡುಗಳೊಂದಿಗೆ ಸಂಕಲನ 2012ರಲ್ಲಿ ಅಚ್ಚಾಯಿತು.